ಗೆದ್ದ ಮೇಲೆ ನೆನಪಾಗುವ ನಿಯಮ: ಆನ್‌ಲೈನ್ ಕ್ಯಾಸಿನೊ ಬೋನಸ್ ಜಗಳ ಬೆಳೆದುಬಂದ ಬಗೆ

ಮಾರತ್ತಹಳ್ಳಿಯ ಪಿಜಿಯೊಂದರಲ್ಲಿರುವ ಹುಡುಗನನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ವಿದೇಶಿ ಕ್ಯಾಸಿನೊ ಸೈಟಿಗೆ 10,000 ರೂಪಾಯಿ ಹಾಕುತ್ತಾನೆ. ಸೈಟು ತಾನೂ 10,000 ಬೋನಸ್ ಸೇರಿಸುತ್ತದೆ. ಕೆಲವು ದಿನ ಆಡಿದ ಮೇಲೆ ವ್ಯಾಲೆಟ್‌ನಲ್ಲಿ 60,000 ಕಾಣುತ್ತದೆ. ವಿತ್‌ಡ್ರಾ ಒತ್ತಿದರೆ ದುಡ್ಡಿನ ಬದಲು ಎರಡು ಸಾಲಿನ ಮೇಲ್ ಬರುತ್ತದೆ: ಬೋನಸ್ ದುರುಪಯೋಗ ಆಗಿದೆ, ಗೆಲುವು ರದ್ದು, ಖಾತೆ ಬಂದ್. ಯಾವ ನಿಯಮ ಮುರಿದೆ ಅಂತ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ.

ಈ ಜಗಳಕ್ಕೆ ಆನ್‌ಲೈನ್ ಕ್ಯಾಸಿನೊದಷ್ಟೇ ವಯಸ್ಸಾಗಿದೆ. ಬೇರೆ ಕೆಲವು ದೇಶಗಳಲ್ಲಿ ಇದನ್ನು ಕೇಳಿಸಿಕೊಳ್ಳಲು ನಿಧಾನವಾಗಿಯಾದರೂ ಒಂದು ಜಾಗ ಹುಟ್ಟಿಕೊಂಡಿತು. ಬೆಂಗಳೂರಿನ ಆಟಗಾರನಿಗೆ ಅಂಥ ಜಾಗ ಇವತ್ತಿಗೂ ಇಲ್ಲ. ಯಾಕೆ ಇಲ್ಲ ಅನ್ನುವುದು ತಿಳಿಯಬೇಕಾದರೆ ಬೋನಸ್ ಎಲ್ಲಿಂದ ಬಂತು ಅನ್ನುವುದನ್ನು ಮೊದಲು ನೋಡಬೇಕು.

1994ರಲ್ಲಿ ಕೆರಿಬಿಯನ್‌ನ ಆಂಟಿಗುವಾ ಮತ್ತು ಬಾರ್ಬುಡಾ ಮಾಡಿದ ಕಾನೂನಿನ ನಂತರ ಆನ್‌ಲೈನ್ ಕ್ಯಾಸಿನೊಗಳಿಗೆ ಲೈಸೆನ್ಸ್ ಸಿಗತೊಡಗಿತು. ಹೆಸರೇ ಕೇಳದ ಸೈಟಿಗೆ ಕಾರ್ಡ್ ನಂಬರ್ ಕೊಡಲು ಜನ ಹೆದರುತ್ತಿದ್ದ ಕಾಲ ಅದು. ಅವರನ್ನು ಎಳೆಯಲು ಬೋನಸ್ ಬಂತು. ಅದನ್ನು ಹಾಗೇ ಎತ್ತಿಕೊಂಡು ಹೋಗಬಾರದು ಅಂತ, ಇಷ್ಟು ಪಟ್ಟು ಪಣ ಕಟ್ಟಿ ಆಡಿರಬೇಕು ಅನ್ನುವ ಷರತ್ತೂ ಜೊತೆಗೇ ಬಂತು. ಇದನ್ನೇ ವೇಜರಿಂಗ್ ಅನ್ನುತ್ತಾರೆ.

ಲೆಕ್ಕ ಬಲ್ಲವರಿಗೆ ಇದರಲ್ಲಿ ಒಂದು ಸಂದಿ ಕಂಡಿತು. ಬ್ಲ್ಯಾಕ್‌ಜಾಕ್ ಅನ್ನುವ ಇಸ್ಪೀಟ್ ಆಟವನ್ನು ಸರಿಯಾದ ಕ್ರಮದಲ್ಲಿ ಆಡಿದರೆ ಕ್ಯಾಸಿನೊಗೆ ಉಳಿಯುವುದು ಪಣದ ಸುಮಾರು ಅರ್ಧ ಶೇಕಡಾ ಮಾತ್ರ. 100 ಡಾಲರ್ ಬೋನಸ್‌ಗೆ 1,000 ಡಾಲರ್ ಪಣ ಕಟ್ಟಿ ಅಂದರೆ ಸರಾಸರಿ ನಷ್ಟ 5 ಡಾಲರ್. ಉಳಿದ 95 ಡಾಲರ್ ಆಟಗಾರನದೇ. ಒಂದು ಸೈಟ್ ಮುಗಿಸಿ ಇನ್ನೊಂದಕ್ಕೆ ಹೋಗುವ ಬೋನಸ್ ಬೇಟೆಗಾರರು ಹುಟ್ಟಿದ್ದು ಹೀಗೆ. ಅವರು ಮೋಸವನ್ನೇನೂ ಮಾಡಿರಲಿಲ್ಲ. ಕ್ಯಾಸಿನೊ ತಾನೇ ಬರೆದ ಷರತ್ತನ್ನು ಪೂರೈಸಿದ್ದರು, ಅಷ್ಟೇ.

ಆಗ ಕ್ಯಾಸಿನೊಗಳು ಷರತ್ತುಗಳನ್ನು ಬಿಗಿ ಮಾಡಿದವು. ಬ್ಲ್ಯಾಕ್‌ಜಾಕ್ ಲೆಕ್ಕಕ್ಕೇ ಇಲ್ಲ, ಅಥವಾ ಹತ್ತರಲ್ಲಿ ಒಂದು ಪಾಲು ಮಾತ್ರ ಲೆಕ್ಕ ಅಂದವು. ಚಕ್ರ ತಿರುಗಿಸಿ ಆಡುವ ರೂಲೆಟ್‌ನಲ್ಲಿ, ಹೆಚ್ಚು ನಷ್ಟವಿಲ್ಲದೆ ಷರತ್ತು ಮುಗಿಸಲು ಕೆಂಪು, ಕಪ್ಪು ಎರಡರ ಮೇಲೂ ಒಟ್ಟಿಗೆ ಕಟ್ಟುವುದನ್ನು ನಿಷೇಧಿಸಿದವು. ವೇಜರಿಂಗ್ 30, 35, 40 ಪಟ್ಟಿಗೆ ಏರಿತು. ನಮ್ಮ ಹುಡುಗನ 10,000 ಬೋನಸ್‌ಗೆ 35 ಪಟ್ಟು ಅಂದರೆ 3,50,000 ರೂಪಾಯಿಯ ಪಣ. ಸರಾಸರಿ ನೂರಕ್ಕೆ 96 ವಾಪಸ್ ಕೊಡುವ ಸ್ಲಾಟ್‌ನಲ್ಲಿ (ಚಿತ್ರಗಳು ತಿರುಗಿ ನಿಲ್ಲುವ ಅದೃಷ್ಟದ ಯಂತ್ರದಾಟ) ಇಷ್ಟು ಆಡಿದರೆ ಸರಾಸರಿ ನಷ್ಟ 14,000. ಬೋನಸ್‌ಗಿಂತ ಅದನ್ನು ಬಿಡಿಸಿಕೊಳ್ಳುವ ಖರ್ಚೇ ಜಾಸ್ತಿ, ಅಲ್ವಾ? ಈ ಲೆಕ್ಕ ಜಾಹೀರಾತಿನಲ್ಲಿ ಇರುವುದಿಲ್ಲ.

ಇಷ್ಟಾದ ಮೇಲೂ ಕೆಲವರು ಗೆಲ್ಲುತ್ತಾರೆ. ನಿಜವಾದ ಜಗಳ ಶುರುವಾಗುವುದು ಇಲ್ಲಿಂದ. ಬೋನಸ್ ಇರುವಾಗ ಒಂದು ಸಲಕ್ಕೆ 5 ಯೂರೊಗಿಂತ ಜಾಸ್ತಿ ಕಟ್ಟಬಾರದು ಅನ್ನುವುದು ತುಂಬ ಸೈಟುಗಳಲ್ಲಿ ಕಾಣುವ ನಿಯಮ. ಅದಕ್ಕಿಂತ ದೊಡ್ಡ ಪಣವನ್ನು ಸಾಫ್ಟ್‌ವೇರ್ ಅಲ್ಲೇ ತಡೆಯಬಹುದು. ಎಷ್ಟೋ ಸೈಟುಗಳು ತಡೆಯುವುದಿಲ್ಲ. 8 ಯೂರೊ ಕಟ್ಟಿ ಸೋತರೆ ದುಡ್ಡು ಕ್ಯಾಸಿನೊಗೆ ಹೋಯಿತು, ಯಾರೂ ನಿಯಮದ ಮಾತೆತ್ತುವುದಿಲ್ಲ. ಗೆದ್ದು ವಿತ್‌ಡ್ರಾ ಕೇಳಿದರೆ ಹಳೆಯ ಪಣಗಳ ಪಟ್ಟಿ ತೆಗೆದು ನಿಯಮ ತೋರಿಸುತ್ತಾರೆ. ಆಷಾಢದ ಸೇಲ್‌ನಲ್ಲಿ ಸೀರೆ ಮಾರಿ, ಮನೆಗೆ ಹೋದ ಮೇಲೆ ರಿಯಾಯಿತಿ ನಿಮಗಲ್ಲ ಅಂತ ಸೀರೆ ಕಿತ್ತುಕೊಂಡ ಹಾಗೆ ಇದು. ಇದಕ್ಕಿಂತ ಕೆಟ್ಟದ್ದು ‘ಅಸಹಜ ಆಟ’ ಅನ್ನುವ ಷರತ್ತು. ಯಾವುದು ಅಸಹಜ ಅಂತ ಆಟ ಮುಗಿದ ಮೇಲೆ ಕ್ಯಾಸಿನೊವೇ ತೀರ್ಮಾನಿಸುತ್ತದೆ. ನನ್ನ ಪ್ರಕಾರ ಇದನ್ನು ನಿಯಮ ಅಂತ ಕರೆಯುವುದೇ ತಪ್ಪು.

ಕ್ಯಾಸಿನೊಗಳ ಕಡೆಯ ದೂರಿನಲ್ಲೂ ಹುರುಳಿದೆ. ಅಣ್ಣ, ಅತ್ತೆ, ಸ್ನೇಹಿತರ ದಾಖಲೆ ಹಾಕಿ ಒಬ್ಬನೇ ಹಲವು ಖಾತೆ ತೆರೆದು ಪ್ರತಿಯೊಂದರಲ್ಲೂ ಸ್ವಾಗತ ಬೋನಸ್ ತೆಗೆಯುವವರಿದ್ದಾರೆ. ಅದು ಮೋಸವೇ. ಆದರೆ ಅದನ್ನು ಹಿಡಿಯಲು ಬಳಸುವ ಗುರುತುಗಳಲ್ಲಿ ಐಪಿ ವಿಳಾಸ, ಅಂದರೆ ಇಂಟರ್ನೆಟ್ ಸಂಪರ್ಕದ ಗುರುತು ಸಂಖ್ಯೆ, ಮುಖ್ಯವಾದದ್ದು. ಬೆಂಗಳೂರಿನ ಪಿಜಿಯಲ್ಲಿ ಒಂದು ವೈಫೈಗೆ ಹತ್ತಾರು ಜನ. ಮೊಬೈಲ್ ಕಂಪನಿಗಳೂ ಒಂದೇ ಐಪಿಯನ್ನು ಎಷ್ಟೋ ಗ್ರಾಹಕರಿಗೆ ಹಂಚುತ್ತವೆ. ಪಕ್ಕದ ರೂಮಿನವನು ಅದೇ ಸೈಟಿನಲ್ಲಿ ಆಡಿದ್ದರೆ ಕಂಪ್ಯೂಟರ್‌ಗೆ ಇಬ್ಬರೂ ಒಬ್ಬನೇ ಆಗಿ ಕಾಣಬಹುದು. ಇಲ್ಲ, ನಾವು ಇಬ್ಬರು ಅಂತ ಸಾಬೀತು ಮಾಡಬೇಕಾದರೆ ಕೇಳುವವರು ಯಾರಾದರೂ ಇರಬೇಕು.

ಬ್ರಿಟನ್‌ನಲ್ಲಿ ಆ ಕೇಳುವವರು ಹೇಗೆ ಬಂದರು? ಅಲ್ಲೂ 1845ರ ಕಾನೂನಿನ ಪ್ರಕಾರ ಜೂಜಿನ ಗೆಲುವಿಗಾಗಿ ಕೋರ್ಟಿಗೆ ಹೋಗುವಂತಿರಲಿಲ್ಲ. 1998ರಲ್ಲಿ ಬಾಜಿಯ ವ್ಯಾಜ್ಯ ತೀರಿಸುವ ಸ್ವತಂತ್ರ ಸಂಸ್ಥೆಯೊಂದು ಶುರುವಾಯಿತು. 2005ರ ಜೂಜು ಕಾಯ್ದೆ ಆ ಹಳೆಯ ಅಡ್ಡಿಯನ್ನು ತೆಗೆಯಿತು. 2007ರ ಸೆಪ್ಟೆಂಬರ್ 1ರಿಂದ ಜೂಜಿನ ಒಪ್ಪಂದವೂ ಉಳಿದ ಒಪ್ಪಂದಗಳ ಹಾಗೆ ಕೋರ್ಟಿನಲ್ಲಿ ನಿಲ್ಲತೊಡಗಿತು. ಉಳಿದದ್ದಕ್ಕೆಲ್ಲ ಇದೇ ಬುನಾದಿ. 2018ರಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರದ ತನಿಖೆಯ ನಂತರ ಮೂರು ದೊಡ್ಡ ಕಂಪನಿಗಳು ಒಂದು ಮಾತು ಕೊಟ್ಟವು: ಬೋನಸ್ ಪಡೆದವರು ತಮ್ಮ ಸ್ವಂತ ದುಡ್ಡನ್ನು ವಾಪಸ್ ಪಡೆಯಲು ಮತ್ತೆ ಮತ್ತೆ ಆಡಬೇಕಿಲ್ಲ. ಅದೇ ವರ್ಷ ಆಟಗಾರನೊಬ್ಬ ಆನ್‌ಲೈನ್ ಬ್ಲ್ಯಾಕ್‌ಜಾಕ್‌ನಲ್ಲಿ ಸುಮಾರು 17 ಲಕ್ಷ ಪೌಂಡ್ ಗೆದ್ದ. ಸಾಫ್ಟ್‌ವೇರ್ ದೋಷ ಅಂತ ಕಂಪನಿ ದುಡ್ಡು ತಡೆಯಿತು. ಅದು ಬೋನಸ್ ಜಗಳ ಅಲ್ಲ, ಆದರೂ ಅಲ್ಲಿಯ ಪ್ರಶ್ನೆ ಇದೇ: ಉದ್ದುದ್ದ ಷರತ್ತಿನ ಮೂಲೆಯಲ್ಲಿರುವ ಸಾಲು ಗೆಲುವನ್ನು ಕಿತ್ತುಕೊಳ್ಳಬಹುದಾ? 2021ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಆಟಗಾರನ ಪರ ತೀರ್ಪು ಕೊಟ್ಟಿತು. ಆ ಸಾಲುಗಳು ಸ್ಪಷ್ಟವಾಗಿಲ್ಲ, ಆಟಗಾರನ ಗಮನಕ್ಕೆ ಸರಿಯಾಗಿ ತಂದೂ ಇಲ್ಲ ಅಂದಿತು. 2026ರ ಜನವರಿ 19ರಿಂದ ಬ್ರಿಟನ್‌ನಲ್ಲಿ ವೇಜರಿಂಗ್‌ಗೆ 10 ಪಟ್ಟಿನ ಮಿತಿ ಬಂದಿದೆ.

ನಮ್ಮಲ್ಲಿ ಆ ಬುನಾದಿಯೇ ಇಲ್ಲ. 1872ರ ಒಪ್ಪಂದ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಒಪ್ಪಂದ ಅಸಿಂಧು. ಗೆದ್ದ ಹಣಕ್ಕೆ ದಾವೆ ಹೂಡುವಂತಿಲ್ಲ. 500 ರೂಪಾಯಿ ಮತ್ತು ಮೇಲಿನ ಕುದುರೆ ರೇಸ್ ಬಹುಮಾನಕ್ಕೆ ಮಾತ್ರ ಅಲ್ಲಿ ವಿನಾಯಿತಿ ಇದೆ. ಇದರ ಮೇಲೆ ಜೂಜಿಗೆ ಶಿಕ್ಷೆ ಹೇಳುವ 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಅದಕ್ಕೆ 2021ರ ಅಕ್ಟೋಬರ್‌ನಲ್ಲಿ ತಂದ ತಿದ್ದುಪಡಿ, ಹಣ ಕಟ್ಟಿ ಆಡುವ ಕೌಶಲದ ಆಟಗಳನ್ನೂ ಆನ್‌ಲೈನ್‌ನಲ್ಲಿ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆ ತೀರ್ಪಿನಿಂದ ಉಸಿರಾಡಿದ್ದು ರಮ್ಮಿ, ಫ್ಯಾಂಟಸಿ ಕ್ರಿಕೆಟ್‌ನಂಥ ಆಟಗಳು. ಸ್ಲಾಟ್, ರೂಲೆಟ್‌ಗೆ ಅದರಲ್ಲಿ ರಕ್ಷಣೆ ಇರಲಿಲ್ಲ.

ಬೋನಸ್ ಅನ್ನುವುದು ಏನು ಅಂತ ನಮ್ಮ ತೆರಿಗೆ ಇಲಾಖೆ ಮಾತ್ರ ಸರಿಯಾಗಿ ಕೂತು ಯೋಚಿಸಿತು. 2023ರ ಮೇ ತಿಂಗಳ ಸುತ್ತೋಲೆಯಲ್ಲಿ, ಬರೀ ಆಡಲು ಕೊಟ್ಟ, ವಿತ್‌ಡ್ರಾ ಮಾಡಲಾಗದ ಬೋನಸ್ ಅನ್ನು ಗೆಲುವಿನ ಲೆಕ್ಕಕ್ಕೆ ಹಿಡಿಯಬಾರದು ಅಂದಿತು. ಅದೇ ವರ್ಷದ ಅಕ್ಟೋಬರ್ 1ರಿಂದ ಆಟಕ್ಕೆ ಹಾಕುವ ಪೂರ್ತಿ ಮೊತ್ತದ ಮೇಲೆ 28% ಜಿಎಸ್‌ಟಿ ಬಂತು. 100 ರೂಪಾಯಿ ಹಾಕಿದರೆ ಸುಮಾರು 78 ಆಟಕ್ಕೆ, 22 ತೆರಿಗೆಗೆ. ಆ 22ನ್ನು ಹಲವು ಭಾರತೀಯ ಆ್ಯಪ್‌ಗಳು ಬೋನಸ್ ರೂಪದಲ್ಲಿ ತುಂಬಿಕೊಟ್ಟವು. ಸರ್ಕಾರ ತೆರಿಗೆ ಎಣಿಸಲು ಇಷ್ಟು ಶ್ರಮಪಟ್ಟಿತು, ಆಟಗಾರನ ದೂರಿಗೆ ಒಂದು ಕಿಟಕಿಯನ್ನೂ ತೆರೆಯಲಿಲ್ಲ. ನನಗೆ ಬೇಸರ ಇರುವುದು ಇದರ ಬಗ್ಗೆ.

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನೆಲ್ಲ ನಿಷೇಧಿಸಿತು. ಆಡಿಸುವವರಿಗೆ 3 ವರ್ಷದ ತನಕ ಜೈಲು, 1 ಕೋಟಿ ರೂಪಾಯಿ ತನಕ ದಂಡ. ಈ ಕಾಯ್ದೆಯಲ್ಲಿ ಆಟಗಾರನಿಗೆ ಶಿಕ್ಷೆ ಇಲ್ಲ. ಅದರ ವಿರುದ್ಧ ಕರ್ನಾಟಕ ಹೈಕೋರ್ಟಿಗೂ ಅರ್ಜಿ ಬಂತು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬೇರೆ ಬೇರೆ ಹೈಕೋರ್ಟ್‌ಗಳ ಅರ್ಜಿಗಳನ್ನು ತನ್ನ ಬಳಿಗೆ ತರಿಸಿಕೊಂಡಿತು. ದೇಶದೊಳಗಿನ ದೊಡ್ಡ ಆ್ಯಪ್‌ಗಳು ಹಣದ ಆಟ ನಿಲ್ಲಿಸಿದವು. ಕುರಸಾವೊ ದ್ವೀಪದಂಥ ಕಡೆ ಲೈಸೆನ್ಸ್ ಇಟ್ಟುಕೊಂಡ ಸೈಟುಗಳು ಇಷ್ಟಕ್ಕೆಲ್ಲ ಹೆದರುವುದಿಲ್ಲ. ಕುರಸಾವೊದಲ್ಲಿ ವರ್ಷಾನುಗಟ್ಟಲೆ ನಾಲ್ಕೇ ಮೂಲ ಲೈಸೆನ್ಸ್‌ಗಳ ಕೆಳಗೆ ಉಳಿದ ಸೈಟುಗಳು ನಡೆಯುತ್ತಿದ್ದವು. ಅಲ್ಲಿ ಹೊಸ ಕಾನೂನು ಬಂದದ್ದೇ 2024ರ ಡಿಸೆಂಬರ್‌ನಲ್ಲಿ.

ಮಾರತ್ತಹಳ್ಳಿಯ ಹುಡುಗನಿಗೆ ಇನ್ನೊಂದು ಅಪಾಯವೂ ಇದೆ. ಇಂಥ ಸೈಟುಗಳು ಯುಪಿಐ ದುಡ್ಡನ್ನು ಬೇರೆಯವರ ಹೆಸರಿನ ಬಾಡಿಗೆ ಖಾತೆಗಳ ಮೂಲಕ ತಿರುಗಿಸುವುದುಂಟು. ಕ್ಯಾಸಿನೊ ಮನಸ್ಸು ಮಾಡಿ ಗೆಲುವು ಕಳಿಸಿದರೂ, ಆ ದುಡ್ಡು ಸೈಬರ್ ವಂಚನೆಯದ್ದಾಗಿದ್ದರೆ ಅವನ ಸಂಬಳದ ಖಾತೆಯೇ ಫ್ರೀಜ್ ಆಗಬಹುದು. ಅದನ್ನು ಬಿಡಿಸಲು ದೂರು ದಾಖಲಾದ ರಾಜ್ಯದ ಪೊಲೀಸರಿಗೆ, ಆ ದುಡ್ಡು ತನಗೆ ಯಾಕೆ ಬಂತು ಅಂತ ವಿವರಿಸಬೇಕು. ಕಟ್ಟಿದ ದುಡ್ಡೇ ಮೋಸ ಹೋಗಿದೆ ಅನಿಸಿದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಬೇಗ ಕರೆ ಮಾಡಬೇಕು. ಪಣದ ದಾಖಲೆ, ಚಾಟ್, ಬೋನಸ್ ಷರತ್ತಿನ ಪುಟ, ಯುಪಿಐ ವಹಿವಾಟಿನ ನಂಬರ್, ಎಲ್ಲದರ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಟ್ಟುಕೊಳ್ಳಬೇಕು, ಯಾಕೆಂದರೆ ಖಾತೆ ಬಂದ್ ಆದ ಮೇಲೆ ಲಾಗಿನ್ ಆಗಿ ಅವನ್ನು ನೋಡಲು ಆಗುವುದಿಲ್ಲ.