ತಾತನ ಜೀಪಿನ ಇಂಜಿನ್ ಯಾವ ಕಾಲದ್ದು?

ಪ್ರಶ್ನೆ: ಚಿಂತಾಮಣಿ ಹತ್ತಿರ ನಮ್ಮ ತೋಟದ ಶೆಡ್ಡಿನಲ್ಲಿ ತಾತನ ಜೀಪು ನಿಂತಿದೆ. ಬಾನೆಟ್ ಪಕ್ಕ ‘ವಿಲ್ಲಿಸ್’ ಅಂತ ಅಕ್ಷರ ಎದ್ದಿದೆ. ಇಂಜಿನ್ ನಂಬರ್ ನೋಡಿ ಅದು ಯಾವ ಕಾಲದ್ದು ಅಂತ ಹೇಳಬಹುದಾ?

ಉತ್ತರ: ಇಂಜಿನ್ ಯಾವ ಕಾಲದ್ದು ಅಂತ ಹೇಳಬಹುದು. ಜೀಪು ಯಾವ ಕಾಲದ್ದು ಅನ್ನುವುದು ಬೇರೆ ಲೆಕ್ಕ. ಅಷ್ಟು ವರ್ಷ ತೋಟ, ಸಂತೆ ಅಂತ ತಿರುಗಿದ ಗಾಡಿಯಲ್ಲಿ ಮೊದಲು ಬಂದ ಇಂಜಿನ್ನೇ ಉಳಿದಿರಬೇಕು ಅಂತೇನಿಲ್ಲ.

ಮೊದಲು ಸರಿಯಾದ ನಂಬರ್ ಹುಡುಕಬೇಕು. ಇಲ್ಲೇ ನಾನೂ ಒಮ್ಮೆ ಎಡವಿದ್ದೆ. ತುಮಕೂರಿನ ಶಿರಾ ಗೇಟ್ ಹತ್ತಿರದ ಗ್ಯಾರೇಜಿನಲ್ಲಿ ಬಿಚ್ಚಿಟ್ಟ ಬ್ಲಾಕೊಂದರ ಮೇಲೆ ಉಬ್ಬಿದ್ದ ಅಂಕಿಗಳನ್ನು ಬರೆದುಕೊಂಡು ಬಂದು, ರಾತ್ರಿಯೆಲ್ಲ ತಡಕಾಡಿದೆ. ಮಾರನೇ ದಿನ ಮೇಸ್ತ್ರಿ ನಕ್ಕುಬಿಟ್ಟರು. “ಸಾರ್, ಅದು ಎರಕದ ನಂಬರು. ಆ ಅಚ್ಚಲ್ಲಿ ಹುಯ್ದ ಎಲ್ಲಾ ಬ್ಲಾಕಿಗೂ ಅದೇ ಇರುತ್ತೆ.” ಉಬ್ಬಿರುವುದು ಎರಕದ್ದು, ತಗ್ಗಿರುವುದು ಪಂಚ್ ಹೊಡೆದದ್ದು. ನಿಮಗೆ ಬೇಕಾದ್ದು ಪಂಚ್ ಹೊಡೆದ ನಂಬರ್.

ವಿಲ್ಲಿಸ್‌ನ ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್ನಿನಲ್ಲಿ ಅದು ಬ್ಲಾಕಿನ ಬಲಗಡೆ, ಮುಂದೆ, ವಾಟರ್ ಪಂಪಿನ ಹಿಂದಿರುವ ಸಣ್ಣ ನುಣುಪು ಜಾಗದಲ್ಲಿರುತ್ತದೆ. ಬಲಗಡೆ ಅಂದರೆ ಡ್ರೈವರ್ ಸೀಟಿನಲ್ಲಿ ಕೂತವರ ಬಲಗಡೆ. ಗ್ರೀಸು, ಮಣ್ಣು, ಮೂರು ಸಲ ಬಳಿದ ಪೇಂಟು ಎಲ್ಲ ಅಂಟಿಕೊಂಡಿರುತ್ತದೆ. ಡೀಸೆಲ್ ಅದ್ದಿದ ಬಟ್ಟೆ, ಹಳೇ ಟೂತ್‌ಬ್ರಷ್ ಸಾಕು. ಗ್ರೈಂಡರ್ ಮಾತ್ರ ಮುಟ್ಟಿಸಬೇಡಿ. ಒಣಗಿದ ಮೇಲೆ ಸೀಮೆಸುಣ್ಣ ಉಜ್ಜಿ, ಮೇಲೆ ಮೇಲೆ ಒರೆಸಿ. ತಗ್ಗಿನಲ್ಲಿ ಉಳಿದ ಬಿಳಿ ಪುಡಿಯೇ ಅಂಕಿ ತೋರಿಸುತ್ತದೆ. ಆಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಆರ್‌ಟಿಒ ಕೆಲಸಕ್ಕೆ ಚಾಸಿ ಪ್ರಿಂಟ್ ತೆಗೆಯುತ್ತಾರಲ್ವಾ, ಹಾಗೆ. 3 ಯಾವುದು, 8 ಯಾವುದು ಅಂತ ಫೋಟೋಗಿಂತ ಇದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಈಗ ನಂಬರಿನ ಮುಂದಿರುವ ಅಕ್ಷರ ನೋಡಿ. ‘ಎಂಬಿ’ ಇದ್ದರೆ ಎರಡನೇ ಮಹಾಯುದ್ಧದ ವಿಲ್ಲಿಸ್, 1941ರಿಂದ 45ರೊಳಗಿನದು. ‘ಜಿಪಿಡಬ್ಲ್ಯೂ’ ಅಂದರೆ ಅದೇ ಜೀಪನ್ನು ಫೋರ್ಡ್ ಮಾಡಿದ್ದು. ಬರೀ ‘ಜೆ’ ಇದ್ದರೆ ಯುದ್ಧ ಮುಗಿದ ಮೇಲೆ ಜನರಿಗೆ ಮಾರಿದ ಗಾಡಿಯದು. ‘4ಜೆ’ ಅಂದರೆ ಸಿಜೆ-3ಬಿ ಅನ್ನುವ ಜೀಪು ಮಾಡೆಲ್‌ನಲ್ಲಿ ಬಂದ ಇಂಜಿನ್, 1953ರಿಂದ ಈಚೆಗಿನದು. ಫೋರ್ಡಿನವರು ಇಂಜಿನ್ ನಂಬರನ್ನೇ ಚಾಸಿ ಮೇಲೂ ಹೊಡೆದಿದ್ದರು. ವಿಲ್ಲಿಸ್ ಎಂಬಿಯಲ್ಲಿ ಎರಡೂ ಮೊದಲಿನಿಂದಲೇ ಬೇರೆ ಬೇರೆ. ಹಾಗಾಗಿ ನಂಬರ್ ತಾಳೆಯಾಗಲಿಲ್ಲ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಅಕ್ಷರ ಹೇಳಿದ್ದನ್ನು ಕಣ್ಣಲ್ಲೂ ನೋಡಿ. ಎಂಬಿ, ಜಿಪಿಡಬ್ಲ್ಯೂ, ಜೆ ಇಂಜಿನ್ನಿಗೆ ಚಪ್ಪಟೆ ಹೆಡ್ಡು, ಮೇಲೆ ನೆಟ್ಟಗೆ ನಿಂತ ನಾಲ್ಕು ಸ್ಪಾರ್ಕ್ ಪ್ಲಗ್ಗು. 3ಬಿ ಇಂಜಿನ್ನಿಗೆ ಹೆಡ್ಡಿನ ಮೇಲೆ ತಗಡಿನ ವಾಲ್ವ್ ಕವರ್ ಇರುತ್ತದೆ, ಕಾರ್ಬೊರೇಟರೂ ಹೆಡ್ಡಿನ ಮೇಲೇ ಕೂತಿರುತ್ತದೆ. ಆ ಎತ್ತರಕ್ಕೇ 3ಬಿ ಬಾನೆಟ್ ಅಷ್ಟು ಮೇಲಕ್ಕಿರುವುದು. ಪ್ಲಗ್ಗೇ ಕಾಣದಿದ್ದರೆ ಯಾರೋ ಡೀಸೆಲ್ ಇಂಜಿನ್ ಕೂರಿಸಿದ್ದಾರೆ; ಆಗ ಈ ಅಕ್ಷರಗಳ ಲೆಕ್ಕ ನಡೆಯುವುದಿಲ್ಲ.

ಒಂದು ತೊಡಕಿದೆ. 3ಬಿ ಅಮೆರಿಕದಲ್ಲಿ 1968ಕ್ಕೆ ನಿಂತರೂ ಮಹೀಂದ್ರ ಇಲ್ಲಿ ಆಮೇಲೂ ಬಹಳ ವರ್ಷ ತಯಾರಿಸಿತು. ಅಮೆರಿಕದ ಸೀರಿಯಲ್ ಪಟ್ಟಿ ಹಿಡಿದು ಮಹೀಂದ್ರ ಇಂಜಿನ್ನಿಗೆ ವರ್ಷ ಕಟ್ಟಿದರೆ ತಪ್ಪುತ್ತದೆ. ಅದಕ್ಕೆ ತಾತನ ಆರ್‌ಸಿ ಪುಸ್ತಕವೇ ಗತಿ. ಅದರಲ್ಲಿ ಕೋಲಾರದ ಸೀಲು ಕಂಡರೆ ಗಾಬರಿ ಬೇಡ, ನಿಮ್ಮ ಚಿಂತಾಮಣಿ ಇರುವ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಪುಸ್ತಕದ ನಂಬರೂ ಪೆನ್ಸಿಲ್ ಪ್ರಿಂಟೂ ಒಂದೇ ಆದರೆ ಅದೃಷ್ಟ. 2021ರ ನಿಯಮದಂತೆ 50 ವರ್ಷ ದಾಟಿ, ಚಾಸಿ, ಬಾಡಿ, ಇಂಜಿನ್ ಬದಲಾಗದೆ ಉಳಿದ ಗಾಡಿಗೆ ‘ವಿಎ’ ಅಕ್ಷರದ ವಿಂಟೇಜ್ ನೋಂದಣಿಗೆ ಅರ್ಜಿ ಹಾಕಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆ ಪ್ರಿಂಟಿನ ಹಾಳೆಯನ್ನು ಆರ್‌ಸಿ ಜೊತೆಗೇ ಮಡಚಿಡಿ.