ಬಾಟಲಿಗೆ ಅಂಟಿಸಿದ ಯೋಧನ ಹೆಸರು

ನಮ್ಮ ವೈನ್ ಶಾಪಿನಲ್ಲಿ ಬೀರ್ ಕೇಳಿದರೆ ಕೌಂಟರಿನವನ ಮರುಪ್ರಶ್ನೆ ಒಂದೇ: 'ಸ್ಟ್ರಾಂಗಾ, ಮೈಲ್ಡಾ?' ಆಲ್ಕೋಹಾಲ್ ಶೇಕಡಾ ಎಷ್ಟು ಅನ್ನೋದು ಲೇಬಲ್ ಮೇಲೂ ಅಚ್ಚಾಗಿರುತ್ತದೆ. ಅಮೆರಿಕದಲ್ಲಿ 1935ರ ಕೇಂದ್ರ ಕಾನೂನು ಇದನ್ನೇ ತಡೆದಿತ್ತು. ರಾಜ್ಯದ ಕಾನೂನು ಕೇಳದ ಹೊರತು ಬೀರ್ ಲೇಬಲ್ ಮೇಲೆ ಆ ಅಂಕಿ ಹಾಕುವಂತಿರಲಿಲ್ಲ. ಪಾನನಿಷೇಧ ಮುಗಿದು ಎರಡೇ ವರ್ಷ ಆಗಿತ್ತು. ಅಂಕಿ ಹಾಕಲು ಬಿಟ್ಟರೆ 'ನಮ್ಮದರಲ್ಲೇ ಕಿಕ್ ಜಾಸ್ತಿ' ಅಂತ ಕಂಪನಿಗಳು ಪೈಪೋಟಿಗೆ ಬೀಳುತ್ತವೆ ಎಂಬ ಭಯ ಸರ್ಕಾರಕ್ಕೆ.

ಪೈಪೋಟಿಯೇನೂ ನಿಲ್ಲಲಿಲ್ಲ. ಅಂಕಿ ಬಿಟ್ಟು ಹೆಸರಿಗೆ, ಚಿತ್ರಕ್ಕೆ, ಬಾಟಲಿಯ ಗಾತ್ರಕ್ಕೆ ಹೋಯಿತು. ಮಾಲ್ಟ್ ಲಿಕ್ಕರ್‌ನ ಕಥೆಯೆಲ್ಲ ಇರುವುದು ಇಲ್ಲೇ.

ಹೆಸರಿನಲ್ಲಿ ಲಿಕ್ಕರ್ ಇದ್ದರೂ ಅದು ವಿಸ್ಕಿ, ರಮ್ಮಿನ ಜಾತಿಯದಲ್ಲ. ಬಾರ್ಲಿ ಮಾಲ್ಟ್ ಜೊತೆ ಮೆಕ್ಕೆಜೋಳ, ಅಕ್ಕಿ ಅಥವಾ ಸಕ್ಕರೆ ಸೇರಿಸಿ ಹುದುಗಿಸಿದ ಕಡು ಬೀರು, ಅಷ್ಟೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಆಲ್ಕೋಹಾಲ್ ಇಂತಿಷ್ಟು ಪ್ರಮಾಣ ದಾಟಿದ ಬೀರನ್ನು 'ಬೀರ್' ಅಂತ ಕರೆಯುವಂತೆಯೇ ಇರಲಿಲ್ಲ. ಮೊದಮೊದಲು ಇದನ್ನು ಮಾರಿದ್ದು ಶ್ರೀಮಂತರ ಮನೆಯ ಪಾನೀಯದ ವೇಷದಲ್ಲಿ. ಒಂದು ಬ್ರಾಂಡಿನ ಹೆಸರು 'ಶಾಂಪೇಲ್', ಅಂದರೆ ಶಾಂಪೇನಿನ ನೆರಳು. ಇನ್ನೊಂದು 'ಕಂಟ್ರಿ ಕ್ಲಬ್'.

ಆ ವೇಷ ಬಹಳ ದಿನ ನಡೆಯಲಿಲ್ಲ. 1963ರಲ್ಲಿ ಬಾಲ್ಟಿಮೋರಿನ ನ್ಯಾಷನಲ್ ಬ್ರೂಯಿಂಗ್ ಕಂಪನಿ 'ಕೋಲ್ಟ್ 45' ತಂದಿತು. ಲೇಬಲ್ ಮೇಲೆ ಕಾಲು ಝಾಡಿಸುವ ಕುದುರೆ, ಜೊತೆಗೊಂದು ಲಾಳ. ಇನ್ನೊಂದು ಕಂಪನಿ ಷ್ಲಿಟ್ಜ್‌ನ ಮಾಲ್ಟ್ ಲಿಕ್ಕರ್ ಟಿವಿ ಜಾಹೀರಾತಿನಲ್ಲಿ ಗೂಳಿಯೊಂದು ಗೋಡೆ ಒಡೆದು ನುಗ್ಗುತ್ತಿತ್ತು. ಶೇಕಡಾ ಎಷ್ಟು ಅಂತ ಯಾರೂ ಬಾಯಿ ಬಿಡಬೇಕಿರಲಿಲ್ಲ, ಗೂಳಿಯೇ ಹೇಳುತ್ತಿತ್ತು. ನಮ್ಮ ಬೆಂಗಳೂರಿನ ಮೈಸೂರು ಬ್ರೂವರೀಸ್ ತನ್ನ ಸ್ಟ್ರಾಂಗ್ ಬೀರಿಗೆ 'ನಾಕ್ ಔಟ್' ಅಂತ ಹೆಸರಿಟ್ಟಿತ್ತಲ್ಲ, ಇದೂ ಹಾಗೇ.

1980ರ ದಶಕದ ಹೊತ್ತಿಗೆ ಈ ಜಾಹೀರಾತುಗಳ ಕಣ್ಣು ದೊಡ್ಡ ನಗರಗಳ ಕಪ್ಪು ಜನರ ಬಡಾವಣೆಗಳ ಮೇಲಿತ್ತು. ಕೋಲ್ಟ್ 45ಕ್ಕೆ ನಟ ಬಿಲ್ಲಿ ಡೀ ವಿಲಿಯಮ್ಸ್ ಬಂದರು. ಸೇಂಟ್ ಐಡ್ಸ್ ಎಂಬ ಇನ್ನೊಂದು ಬ್ರಾಂಡಿಗೆ ರ‍್ಯಾಪರ್ ಐಸ್ ಕ್ಯೂಬ್. ಜೊತೆಗೆ 40 ಔನ್ಸ್ ಬಾಟಲಿ. ಅಂದರೆ ಸುಮಾರು 1.18 ಲೀಟರ್, ನಮ್ಮ 650 ಎಂಎಲ್ ಬಾಟಲಿ ಎರಡಕ್ಕೆ ಸ್ವಲ್ಪ ಕಮ್ಮಿ. ಒಮ್ಮೆ ಮುಚ್ಚಳ ತೆಗೆದರೆ ಬಿಸಿಯಾಗುವ ಮೊದಲು, ಗ್ಯಾಸ್ ಹೋಗುವ ಮೊದಲು ಕುಡಿದು ಮುಗಿಸಬೇಕು. ನನ್ನನ್ನು ಕೇಳಿದರೆ, ಯಾವ ನಟನಿಗಿಂತಲೂ ಜೋರಾದ ಜಾಹೀರಾತು ಆ ಬಾಟಲಿಯೇ.

1991ರಲ್ಲಿ ಜಿ. ಹೈಲ್‌ಮನ್ ಕಂಪನಿ 'ಪವರ್‌ಮಾಸ್ಟರ್' ತರಲು ಹೊರಟಿತು. ಆಲ್ಕೋಹಾಲ್ ಶೇ. 5.9, ಸಾಮಾನ್ಯ ಮಾಲ್ಟ್ ಲಿಕ್ಕರ್‌ಗಳಿಗಿಂತ ಜಾಸ್ತಿ. ಕಪ್ಪು ಬಡಾವಣೆಗಳ ಪಾದ್ರಿಗಳು ಸಿಡಿದೆದ್ದರು. ಜನಾರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಮುಖ್ಯ ವೈದ್ಯೆ, ಸರ್ಜನ್ ಜನರಲ್ ಆಂಟೋನಿಯಾ ನೊವೆಲ್ಲೊ ಅವರೂ ಟೀಕಿಸಿದರು. ಆದರೆ ಬ್ರಾಂಡ್ ಮುಗ್ಗರಿಸಿದ್ದು ಅದೇ 1935ರ ನಿಯಮಕ್ಕೆ ಎಡವಿ. ಮೊದಲು ಲೇಬಲ್‌ಗೆ ಒಪ್ಪಿಗೆ ಕೊಟ್ಟಿದ್ದ ಕೇಂದ್ರ ಇಲಾಖೆಯೇ, 'ಪವರ್' ಎಂಬ ಪದ ಕಿಕ್ ಎಷ್ಟಿದೆ ಅಂತ ಸೂಚಿಸುತ್ತದೆ ಎಂದು ಆಮೇಲೆ ಮಾತು ಬದಲಿಸಿತು. ಕುದುರೆ, ಗೂಳಿಗೆ ಇಲ್ಲದ ತಕರಾರು ಒಂದು ಪದಕ್ಕೆ!

ಮರುವರ್ಷ, 1992ರಲ್ಲಿ, 'ಕ್ರೇಜಿ ಹಾರ್ಸ್' ಬಂತು. ಅದೇ ಹೈಲ್‌ಮನ್ ಘಟಕದಲ್ಲಿ ತಯಾರಿ, ಅದೇ 40 ಔನ್ಸ್ ಬಾಟಲಿ. ಮಾರುತ್ತಿದ್ದದ್ದು ನ್ಯೂಯಾರ್ಕಿನ ಹಾರ್ನೆಲ್ ಬ್ರೂಯಿಂಗ್. ಅರಿಜೋನ ಐಸ್ಡ್ ಟೀ ಹಿಂದಿರುವವರೂ ಇವರೇ. ಆ ಟೀ ಬಂದದ್ದೂ ಅದೇ ವರ್ಷ, ಅದೂ ಎತ್ತರದ ದೊಡ್ಡ ಡಬ್ಬದಲ್ಲಿ. ಪ್ಯಾಕಿಂಗ್‌ನ ಮರ್ಮ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕ್ರೇಜಿ ಹಾರ್ಸ್ ಯಾರು? ಅಮೆರಿಕದ ಮೂಲನಿವಾಸಿಗಳಾದ ಲಕೋಟಾ ಜನರ ಯೋಧ. ಅವರ ಭಾಷೆಯಲ್ಲಿ ಹೆಸರು ತಶುಂಕೆ ವಿಟ್ಕೊ. 1876ರಲ್ಲಿ ಲಿಟಲ್ ಬಿಗ್‌ಹಾರ್ನ್‌ನಲ್ಲಿ ಅಮೆರಿಕ ಸೇನೆಯ ಅಧಿಕಾರಿ ಕಸ್ಟರ್‌ನ ಪಡೆಯನ್ನು ಸೋಲಿಸಿದವರಲ್ಲಿ ಒಬ್ಬ. ಮರುವರ್ಷ ಸೈನ್ಯದ ವಶದಲ್ಲಿದ್ದಾಗ ಬಯೋನೆಟ್ ಇರಿತಕ್ಕೆ ಸತ್ತ. ಅವನದೇ ಎಂದು ಎಲ್ಲರೂ ಒಪ್ಪುವ ಫೋಟೊ ಒಂದೂ ಇಲ್ಲ. ಲೇಬಲ್ ಮೇಲೆ ಮಾತ್ರ ಗರಿಗಳ ಕಿರೀಟ ತೊಟ್ಟ ನಾಯಕನ ಚಿತ್ರ, ಹಿಂಬದಿಯಲ್ಲಿ ಬ್ಲ್ಯಾಕ್ ಹಿಲ್ಸ್‌ನ ಹೆಮ್ಮೆಯ ಯೋಧರ ಬಗ್ಗೆ ನಾಲ್ಕು ಸಾಲು. ಅವನು ಮದ್ಯವನ್ನು ವಿರೋಧಿಸಿದ್ದ ಅಂತ ಅವನ ವಂಶಸ್ಥರು ಹೇಳುತ್ತಾರೆ. ಮದ್ಯದಿಂದಲೇ ನುಜ್ಜುಗುಜ್ಜಾದ ಜನ ಅವರು. ನೋವು ಎಷ್ಟಾಗಿರಬೇಡ?

ಅಮೆರಿಕದ ಸಂಸತ್ತು 1992ರಲ್ಲೇ ಕಾನೂನು ಮಾಡಿ ಮದ್ಯಕ್ಕೆ ಆ ಹೆಸರನ್ನು ನಿಷೇಧಿಸಿತು. ಕಂಪನಿ ಕೋರ್ಟಿಗೆ ಹೋಗಿ 1993ರಲ್ಲಿ ಗೆದ್ದಿತು. ಬರೀ ಒಂದು ಹೆಸರನ್ನು ತೆಗೆದುಹಾಕಿದರೆ ಮೂಲನಿವಾಸಿಗಳ ಕುಡಿತ ಹೇಗೆ ಕಮ್ಮಿಯಾಗುತ್ತದೆ ಅನ್ನೋದಕ್ಕೆ ಸರ್ಕಾರದ ಬಳಿ ಗಟ್ಟಿ ಉತ್ತರ ಇರಲಿಲ್ಲ. ವಾಕ್ ಸ್ವಾತಂತ್ರ್ಯದ ಮುಂದೆ ಕಾನೂನು ಬಿದ್ದುಹೋಯಿತು. 1995ರಲ್ಲಿ ಕೂರ್ಸ್ ಕಂಪನಿ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1935ರ ಆ ಅಂಕಿ ನಿಷೇಧವನ್ನೂ ರದ್ದು ಮಾಡಿತು.

ವಂಶಸ್ಥರ ವಾದದಲ್ಲಿ ಕುಡಿತಕ್ಕಿಂತ ಹೆಸರೇ ಮುಖ್ಯ. ನಮ್ಮ ಹಿರಿಯನ ಹೆಸರು ನಮ್ಮ ಮನೆಯ ಆಸ್ತಿ, ಕೇಳದೆ ಬಳಸಿದ್ದೀರಿ ಎಂದು 1993ರಲ್ಲಿ ಲಕೋಟಾ ಜನರದೇ ಆದ ರೋಸ್‌ಬಡ್ ಬುಡಕಟ್ಟಿನ ಕೋರ್ಟಿಗೆ ಹೋದರು. ಕೇಳಿದ ಪರಿಹಾರದಲ್ಲಿ ಹಣದ ಜೊತೆ ಸಂಪ್ರದಾಯದ ತಪ್ಪುಕಾಣಿಕೆಯೂ ಇತ್ತು: ಬೀರು ಮಾರಾಟವಾದ ಪ್ರತಿ ರಾಜ್ಯಕ್ಕೆ, ಪ್ರತಿ ತಿಂಗಳಿಗೆ, ಒಂದು ಕಂಬಳಿ, ಒಂದು ಜಡೆ ತಂಬಾಕು, ಒಂದು ರೇಸ್ ಕುದುರೆ. ಬುಡಕಟ್ಟಿನ ಕೋರ್ಟಿಗೆ ಈ ಅಧಿಕಾರ ಇಲ್ಲ ಅಂತ 1998ರಲ್ಲಿ ಕೇಂದ್ರ ಮೇಲ್ಮನವಿ ಕೋರ್ಟ್ ಹೇಳಿತು. ಅವರು ಬಿಡಲಿಲ್ಲ.

ಅಷ್ಟರಲ್ಲಿ ಹೈಲ್‌ಮನ್ ಅನ್ನು ಸ್ಟ್ರೋ ಕಂಪನಿ ಕೊಂಡಿತ್ತು. 2001ರಲ್ಲಿ ಸ್ಟ್ರೋ ಮನೆತನದ ಮುಖ್ಯಸ್ಥರು ಸ್ವತಃ ರೋಸ್‌ಬಡ್‌ಗೆ ಬಂದು ಕ್ಷಮೆ ಕೇಳಿದರು. 32 ಕಂಬಳಿ, 32 ಕಟ್ಟು ತಂಬಾಕು, 32 ಜಡೆ ಪರಿಮಳದ ಹುಲ್ಲು, ಏಳು ರೇಸ್ ಕುದುರೆ ಒಪ್ಪಿಸಿದರು.

ಹಾರ್ನೆಲ್ ರಾಜಿಗೆ ಬರಲು ಇನ್ನೂ ಮೂರು ವರ್ಷ ಹಿಡಿಯಿತು. ಹೊಸ ಹೆಸರು 'ಕ್ರೇಜಿ ಸ್ಟಾಲಿಯನ್'. ಯೋಧ ಹೋದ, ಲೇಬಲ್‌ಗೆ ಮತ್ತೆ ಬರೀ ಕುದುರೆ ಬಂತು.