ಏರಿಯಾದಲ್ಲಿ ಹೊಸ ಕಾಫಿ ಅಂಗಡಿ ತೆರೆದಿದೆ, ಒಳಗೆ ಹೋಗಿ ಏನ್ ಕೇಳ್ಬೇಕು?

ಪ್ರಶ್ನೆ: ನಾವು ಜಯನಗರದಲ್ಲಿ 30 ವರ್ಷದಿಂದ ಇದೀವಿ. ಈಗ ಹಳೇ ಮನೆಗಳ ಕೆಳಗಡೆ, ಕಾರ್ ಶೆಡ್ಡಲ್ಲೆಲ್ಲಾ ಸಣ್ಣ ಸಣ್ಣ ಕಾಫಿ ಅಂಗಡಿ ಆಗ್ತಿವೆ. ಮೆನು ನೋಡಿದ್ರೆ ಪೋರ್ ಓವರ್ 240 ರೂಪಾಯಿ ಅಂತಿದೆ. ದರ್ಶಿನೀಲಿ 20 ರೂಪಾಯಿಗೆ ಒಳ್ಳೆ ಕಾಫಿ ಸಿಗೋವಾಗ ಇದಕ್ಕೆ ಯಾಕೆ ಅಷ್ಟು ಕೊಡ್ಬೇಕು, ಕೊಟ್ರೂ ಏನ್ ಕೇಳಿ ಕುಡೀಬೇಕು?

ಇದು ಒಬ್ಬರ ಪ್ರಶ್ನೆ ಅಲ್ಲ, ಬಸವನಗುಡಿ, ಮಲ್ಲೇಶ್ವರದ ಕಡೆಯವರೂ ಇದನ್ನೇ ಬೇರೆಬೇರೆ ಮಾತಲ್ಲಿ ಕೇಳ್ತಾನೇ ಇರ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಬರೀತೀನಿ.

ಪೋರ್ ಓವರ್ ಅಂದ್ರೆ ಪೇಪರ್ ಫಿಲ್ಟರಲ್ಲಿ ಪುಡಿ ಹಾಕಿ ಮೇಲಿಂದ ಕೈಯಲ್ಲೇ ಬಿಸಿನೀರು ಸುರಿದು ಇಳಿಸೋ ಕಪ್ಪು ಕಾಫಿ. ಮೊದ್ಲು ನೇರ ಉತ್ತರ. ಕೌಂಟರಲ್ಲಿ ಇರೋರನ್ನ ಎರಡೇ ಮಾತು ಕೇಳಿ: ಇದು ಯಾವ ತೋಟದ್ದು, ಹುರಿದು ಎಷ್ಟು ದಿನ ಆಯ್ತು. ಎರಡಕ್ಕೂ ಥಟ್ ಅಂತ ಉತ್ತರ ಬಂದ್ರೆ ಕೂತ್ಕೊಳ್ಳಿ, ಅದು ಒಳ್ಳೆ ಅಂಗಡಿ. "ನಮ್ದು ಪ್ರೀಮಿಯಂ ಬ್ಲೆಂಡ್ ಸರ್" ಅಂತ ಬಂದ್ರೆ ಅಲ್ಲಿ 240 ಕೊಡೋ ಬದ್ಲು ದರ್ಶಿನಿಗೇ ಹೋಗಿ, ನಿಜವಾಗ್ಲೂ ಅದೇ ಚೆನ್ನಾಗಿರತ್ತೆ.

ತೋಟದ ಹೆಸರು ಯಾಕೆ ಅಷ್ಟು ಮುಖ್ಯ ಅಂತೀನಿ ಅಂದ್ರೆ, ನಮ್ಮಜ್ಜಂದು ಮೂಡಿಗೆರೆ ಹತ್ರ ನಾಲ್ಕು ಎಕರೆ ಕಾಫಿ ಇತ್ತು. ಹಣ್ಣು ಕುಯ್ದು, ಸಿಪ್ಪೆ ಬಿಡಿಸೋ ಪಲ್ಪರ್ ಯಂತ್ರಕ್ಕೆ ಹಾಕಿ, ಕಣದಲ್ಲಿ ಹರಡಿ ಒಣಗಿಸಿ, ಸಂಜೆ ಇಬ್ಬನಿ ಬೀಳೋಕೆ ಮುಂಚೆ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚಿ, ಬೆಳಿಗ್ಗೆ ಮತ್ತೆ ಹರಡಿ, ಹೀಗೆ ಮಗು ಸಾಕ್ದಂಗೆ ಸಾಕಿದ ಕಾಫಿ ಮೂಟೆ ಕಟ್ಟಿ ಕ್ಯೂರಿಂಗ್ ವರ್ಕ್ಸಿಗೆ, ಅಂದ್ರೆ ಒಣಗಿದ ಬೀಜದ ಹೊಟ್ಟು ತೆಗೆದು ವಿಂಗಡಿಸೋ ಕಾರ್ಖಾನೆಗೆ, ಹೋಗಿ ಇಳಿಸಿದ ಮೇಲೆ ಅದು ಪೂಲ್‌ಗೆ, ಅಂದ್ರೆ ಎಲ್ಲಾ ಬೆಳೆಗಾರರ ಕಾಫಿ ಕೂಡಿಸೋ ಒಟ್ಟು ರಾಶಿಗೆ, ಸೇರಿಹೋಗ್ತಿತ್ತು. 1942ರ ಕಾಫಿ ಕಾಯ್ದೆ ಬಂದಮೇಲೆ ಬೆಳೆಗಾರರು ಕಾಫಿಯನ್ನ ಕಾಫಿ ಬೋರ್ಡಿಗೇ ಒಪ್ಪಿಸ್ಬೇಕಿತ್ತು, ಬೋರ್ಡು ಗ್ರೇಡ್ ಮಾಡಿ ಮಾರಿ ಗುಣಮಟ್ಟಕ್ಕೆ ಹಾಕಿದ ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ದುಡ್ಡು ಕೊಡ್ತಿತ್ತು. ಬೆಲೆ ಬಿದ್ದಾಗ ಸಣ್ಣ ಬೆಳೆಗಾರರನ್ನ ಕೈಹಿಡಿದ ವ್ಯವಸ್ಥೆ ಅದು, ಇಲ್ಲ ಅನ್ನಲ್ಲ. ಆದ್ರೆ ಅಜ್ಜನ ಕಣದ ಕಾಫಿ, ಪಕ್ಕದ ಊರಿಂದು, ಬೇರೆ ಜಿಲ್ಲೇದು ಎಲ್ಲಾ ಒಂದೇ ರಾಶೀಲಿ ಬೆರೆತು, ತೋಟದ ಹೆಸರು ಅಲ್ಲೇ ಅಳಿಸಿಹೋಗ್ತಿತ್ತು. 1992ರಿಂದ ಸ್ವಲ್ಪ ಸ್ವಲ್ಪ ಸಡಿಲ ಮಾಡಿ 1996ಕ್ಕೆ ಬೆಳೆಗಾರರು ಯಾರಿಗೆ ಬೇಕಾದ್ರೂ ಮಾರ್ಕೋಬಹುದು ಅಂತಾಯ್ತು. ಅಷ್ಟು ಹೊತ್ತಿಗೆ ಅಜ್ಜ ಇರ್ಲಿಲ್ಲ. ತಮ್ಮ ಕಾಫಿ ಯಾರು ಕುಡಿದ್ರು, ಹೇಗಿತ್ತು ಅಂದ್ರು ಅನ್ನೋದು ಅವರಿಗೆ ಕೊನೇವರೆಗೂ ಗೊತ್ತಾಗ್ಲಿಲ್ಲ.

ನಾವು ಕಾಫಿಪುಡಿ ಅಂಗಡೀಲಿ ಏನ್ ಕೇಳ್ತೀವಿ ನೆನಪು ಮಾಡ್ಕೊಳ್ಳಿ, ಪೀಬೆರಿ ಅರ್ಧ, ಪ್ಲಾಂಟೇಶನ್ ಎ ಅರ್ಧ, ಚಿಕೋರಿ 20 ಪರ್ಸೆಂಟ್. ಪೀಬೆರಿ, ಪ್ಲಾಂಟೇಶನ್ ಎ ಇವೆಲ್ಲಾ ಬೀಜದ ಆಕಾರ, ಗಾತ್ರ, ಹದ ಮಾಡಿದ ರೀತಿ ಹೇಳೋ ಹೆಸರುಗಳು, ಊರಿನ ಹೆಸರಲ್ಲ. ಈ ಸಣ್ಣ ಅಂಗಡಿಗಳಲ್ಲಿ ಪ್ಯಾಕೆಟ್ ತಿರುಗಿಸಿ ನೋಡಿ, ತೋಟದ ಹೆಸರೇ ಇರತ್ತೆ, ಕೆರೆಹಕ್ಲು ಅಂತಿರತ್ತೆ, ಕಲ್ಲೇದೇವರಪುರ ಅಂತಿರತ್ತೆ, ಬಿಳಿಗಿರಿರಂಗನ ಬೆಟ್ಟದ ಅತ್ತಿಕಾನ್ ಅಂತಿರತ್ತೆ. ಇಂಗ್ಲಿಷಲ್ಲೇ ಪ್ರಿಂಟ್ ಮಾಡಿರ್ತಾರೆ ಅನ್ನೋದು ನಂಗೆ ಬೇಜಾರು, ಕನ್ನಡದಲ್ಲೂ ಒಂದು ಸಾಲು ಹಾಕ್ಬಹುದಿತ್ತು, ಆದ್ರೆ ಕೆರೆ, ಹಕ್ಲು, ಕಲ್ಲು, ದೇವರು ಎಲ್ಲಾ ನಮ್ದೇ ಮಾತು, ಓದ್ತಿದ್ದಂಗೆ ಮನಸ್ಸು ತುಂಬಿ ಬರತ್ತೆ. ಬ್ಲ್ಯಾಕ್ ಬಾಜಾ ಅಂತ ಬೆಂಗಳೂರಿನ ಒಂದು ರೋಸ್ಟರ್ (ಕಾಫಿ ಹುರಿದು ಮಾರೋ ಕಂಪನಿ) ಇದೆ, ಅವರು ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬೆಳೆಗಾರರಿಂದ ಕಾಫಿ ತಗೋತಾರೆ, ಅದನ್ನೂ ಎಲ್ಲಾದ್ರೂ ಕಂಡ್ರೆ ಕೇಳಿ ನೋಡಿ.

ಈಗ ಇಂಥ ಅಂಗಡಿಗಳ ಹೆಸರಿನ ಜೊತೆ ಕಾಣೋ ಸ್ಪೆಷಾಲ್ಟಿ ಅನ್ನೋ ಪದ. ಅದು ಬರೀ ಅಂಗಡಿ ಬೋರ್ಡ್ ಮೇಲಿನ ಅಲಂಕಾರ ಅಲ್ಲ, ಅದಕ್ಕೊಂದು ಲೆಕ್ಕ ಇದೆ. 350 ಗ್ರಾಂ ಹಸಿ ಬೀಜ ತಗೊಂಡು ಒಂದೊಂದಾಗಿ ಆರಿಸಿ ನೋಡ್ತಾರೆ, ಪೂರ್ತಿ ಕಪ್ಪಾಗಿರೋದು, ಹುಳಿ ಹಿಡಿದಿರೋದು ಇಂಥ ದೊಡ್ಡ ದೋಷದ್ದು ಒಂದೂ ಇರ್ಬಾರ್ದು. ಆಮೇಲೆ ತರಬೇತಿ ಆದೋರು ಕುಡಿದು 100ಕ್ಕೆ ಅಂಕ ಕೊಡ್ತಾರೆ, 80 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಮಾತ್ರ ಸ್ಪೆಷಾಲ್ಟಿ. ಅಷ್ಟು ಬರ್ಬೇಕು ಅಂದ್ರೆ ತೋಟದಲ್ಲಿ ಕಾಯಿ ಹಣ್ಣು ಎಲ್ಲಾ ಒಟ್ಟಿಗೆ ಬಾಚಿ ಎಳೆಯೋಕಾಗಲ್ಲ, ಕೆಂಪಗೆ ಹಣ್ಣಾಗಿರೋದನ್ನ ಮಾತ್ರ ಬಿಡಿಸ್ಬೇಕು, ಅದೇ ಗಿಡಕ್ಕೆ ಮೂರು ನಾಲ್ಕು ಸಲ ಹೋಗ್ಬೇಕು, ಈಗ ಮಲೆನಾಡಲ್ಲಿ ಆಳು ಸಿಗೋದೇ ಕಷ್ಟ ಇರೋವಾಗ ಅದರ ಖರ್ಚು ನೀವೇ ಯೋಚ್ನೆ ಮಾಡಿ. ಇನ್ನು 5-6 ಕೆಜಿ ಹಣ್ಣಿಗೆ 1 ಕೆಜಿ ಹಸಿ ಬೀಜ, ಅದನ್ನ ಹುರಿದ್ರೆ ಅದರಲ್ಲೂ ಸುಮಾರು 15 ಪರ್ಸೆಂಟ್ ತೂಕ ಹೋಗತ್ತೆ.

ಹಾಗಂತ 240 ರೂಪಾಯಿ ಪೂರ್ತಿ ತೋಟಕ್ಕೆ ಹೋಗತ್ತೆ ಅಂದ್ಕೋಬೇಡಿ. 250 ಗ್ರಾಂ ಪ್ಯಾಕೆಟ್ 600 ರೂಪಾಯಿ ಅಂತ ಇಟ್ಕೊಳ್ಳಿ, ಒಂದು ಕಪ್ಪಿಗೆ 15 ಗ್ರಾಂ, ಅಂದ್ರೆ 16 ಕಪ್, ಕಪ್ಪಿಗೆ 37-38 ರೂಪಾಯಿ ಕಾಫಿ. ಉಳಿದಿದ್ದು ಬಾಡಿಗೆ, ಸಂಬಳ, ಕರೆಂಟು, ಮತ್ತೆ ನೀವು ಒಂದು ಗಂಟೆ ಕೂತ್ಕೊಳ್ಳೋ ಕುರ್ಚಿ. ದರ್ಶಿನೀಲಿ ನಿಂತ್ಕೊಂಡು ಐದು ನಿಮಿಷಕ್ಕೆ ಮುಗಿಸಿ ಹೊರಡ್ತೀವಿ, ಅದಕ್ಕೇ 20ಕ್ಕೆ ಕೊಡೋಕಾಗತ್ತೆ. ಎರಡೂ ನ್ಯಾಯವಾದ ಬೆಲೆಯೇ.

ಸರಿ, ಒಳಗೆ ಹೋದ್ರಿ. ಮೊದಲ ಸಲ ಪೋರ್ ಓವರನ್ನೇ ಕೇಳಿ, ಹಾಲು ಸಕ್ಕರೆ ಇಲ್ದೆ, ಆದ್ರೆ ಟೇಬಲ್ಲಿಗೆ ಹೋಗಿ ಕೂತ್ಕೋಬೇಡಿ, ಕೌಂಟರ್ ಹತ್ರಾನೇ ನಿಂತು ನೋಡಿ. ಬೀಜ ತೂಗಿ ಆಗಲೇ ಪುಡಿ ಮಾಡ್ತಾರೆ, ಪೇಪರ್ ಫಿಲ್ಟರಿಗೆ ಬಿಸಿನೀರು ಹಾಕಿ ತೊಳೀತಾರೆ, ಪುಡಿ ಹಾಕಿ ಅದು ಒದ್ದೆಯಾಗೋಷ್ಟೇ ನೀರು ಬಿಟ್ಟು ಸುಮಾರು ಅರ್ಧ ನಿಮಿಷ ಕಾಯ್ತಾರೆ. ಆ ಅರ್ಧ ನಿಮಿಷ ಗಮನ ಇಟ್ಟು ನೋಡಿ, ಹೊಸದಾಗಿ ಹುರಿದಿದ್ರೆ ಪುಡಿ ಹುಳಿ ಬಂದ ದೋಸೆಹಿಟ್ಟಿನ ಹಾಗೆ ಉಬ್ಬಿ, ಮೇಲೆ ಸಣ್ಣ ಸಣ್ಣ ಗುಳ್ಳೆ ಒಡೀತವೆ, ಹುರಿಯೋವಾಗ ಬೀಜದೊಳಗೇ ಹುಟ್ಟಿ ಸಿಕ್ಕಿಬಿದ್ದಿದ್ದ ಕಾರ್ಬನ್ ಡೈಆಕ್ಸೈಡ್ ಅದು. ಘಮ ಬರೋದೂ ಆಗಲೇ. ಹಳೇದಾದ್ರೆ ಏನೂ ಆಗಲ್ಲ, ಕೆಸರಿನ ಥರ ಸುಮ್ನೆ ಕೂತಿರತ್ತೆ. ಹುರಿದ ಒಂದು ವಾರದಿಂದ ಒಂದೂವರೆ ತಿಂಗಳವರೆಗೆ ಒಳ್ಳೆ ಕಾಲ. ನಾನು ಮೊದಲನೇ ಸಲ ಹೋದ ಅಂಗಡೀಲಿ ಕೊಟ್ಟಿದ್ದು ನೆನೆದ ರಟ್ಟಿನ ರುಚಿ ಇತ್ತು, ಪ್ಯಾಕೆಟ್ ನೋಡಿದ್ರೆ ಹುರಿದು ಐದು ತಿಂಗಳಾಗಿತ್ತು, ಆಮೇಲೆ ಒಂದು ವರ್ಷ ನಾನು ಇಂಥ ಅಂಗಡಿ ಕಡೆಗೇ ತಲೆ ಹಾಕ್ಲಿಲ್ಲ. ಆ ಒಂದು ವರ್ಷ ಕಳ್ಕೊಂಡೆ ಅಂತ ಈಗ್ಲೂ ಅನ್ನಿಸತ್ತೆ.

ಕಪ್ ಬಂದ ತಕ್ಷಣ ಕುಡೀಬೇಡಿ. ನಮಗೆ ಹಬೆಯಾಡೋ ಕಾಫಿ ಅಭ್ಯಾಸ, ಆದ್ರೆ ಇದು ಸ್ವಲ್ಪ ಆರಿದಮೇಲೇ ಬಾಯಿ ಬಿಡೋದು. ಮೊದಲ ಗುಟುಕು ಹುಳಿ ಅನ್ನಿಸಬಹುದು, ಚಹಾ ಥರ ತೆಳು ಅನ್ನಿಸಬಹುದು, ಗಾಬರಿ ಬೇಡ, ನಮ್ಮ ನಾಲಿಗೆ ಚಿಕೋರಿ ಮಂದಕ್ಕೆ ಒಗ್ಗಿರತ್ತೆ. ಪ್ಯಾಕೆಟ್ ಮೇಲೆ ಕಿತ್ತಳೆ, ಬೆಲ್ಲ ಅಂತೆಲ್ಲಾ ಬರೆದಿರ್ತಾರೆ, ಅದನ್ನ ಒಳಗೆ ಹಾಕಿದಾರಾ ಅಂತ ತುಂಬಾ ಜನ ಕೇಳ್ತಾರೆ. ಇಲ್ಲ. ರಸಪುರಿಗೆ ಒಂದು ರುಚಿ, ಬಾದಾಮಿಗೆ ಒಂದು ರುಚಿ, ಮಲ್ಲಿಕಾಗೆ ಇನ್ನೊಂದು ಇರಲ್ವಾ, ಹಾಗೇ ಕಾಫೀಲೂ ತಳಿ ತಳಿಗೆ ಬೇರೆ. ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾಗಿದ್ದು, ಎಸ್ 795, ಸೆಲೆಕ್ಷನ್ 9, ಚಂದ್ರಗಿರಿ ಅಂತ ಪ್ಯಾಕೆಟ್ ಮೇಲೆ ಕಾಣೋ ಹೆಸರೆಲ್ಲಾ ಅಲ್ಲಿಂದ ಬಂದಿರೋ ತಳಿಗಳೇ. ತುಂಬಾ ಕಪ್ಪಗೆ ಹುರಿದ್ರೆ ಈ ವ್ಯತ್ಯಾಸ ಎಲ್ಲಾ ಸುಟ್ಟುಹೋಗತ್ತೆ, ಅದಕ್ಕೇ ಇವರು ತಿಳಿಯಾಗಿ ಹುರಿಯೋದು.

ಕಪ್ಪು ಕಾಫಿ ಆಗೋದೇ ಇಲ್ಲ ಅನ್ನೋರು ಫ್ಲಾಟ್ ವೈಟ್ (ಗಟ್ಟಿ ಕಾಫಿಗೆ ಬಿಸಿ ಹಾಲು ಸೇರಿಸಿದ್ದು) ತಗೊಳ್ಳಿ, ಸಂಕೋಚ ಏನೂ ಬೇಡ. ಕಾಫೀಲಿ ಅರೇಬಿಕಾ, ರೋಬಸ್ಟಾ ಅಂತ ಎರಡು ಮುಖ್ಯ ಜಾತಿ, ಅದರಲ್ಲಿ ರೋಬಸ್ಟಾ ಹಾಕಿದ್ರೆ ಕೀಳು ಅಂತಾನೂ ಅಂದ್ಕೋಬೇಡಿ, ನಮ್ಮ ದೇಶದಲ್ಲಿ ಬೆಳೆಯೋದು ಹೆಚ್ಚು ಅದೇ, ಚೆನ್ನಾಗಿ ಹದ ಮಾಡಿದ ರೋಬಸ್ಟಾ ಹಾಲಿನ ಜೊತೆ ಬಹಳ ಚೆನ್ನಾಗಿ ಕೂಡತ್ತೆ.

ಅಂಗಡಿಗಳ ಪಟ್ಟಿ ಕೊಡಿ ಅಂತಾನೂ ಕೇಳ್ತಾರೆ, ಅದು ಕೊಡಲ್ಲ, ಬಾಡಿಗೆ ಏರಿದ್ರೆ ಇವು ಬೇಗ ಜಾಗ ಬದಲಾಯಿಸ್ತವೆ. ಬದ್ಲು ಸೌತ್ ಎಂಡ್ ಸರ್ಕಲ್ ಮೆಟ್ರೋಲಿ ಇಳಿದು, ಮೇನ್ ರೋಡ್ ಬಿಟ್ಟು ಒಳಗಿನ ಕ್ರಾಸ್‌ಗಳಲ್ಲಿ ಮರದ ನೆರಳಲ್ಲಿ ನಡ್ಕೊಂಡ್ ಹೋಗಿ, ವಾರದ ದಿನ ಬೆಳಿಗ್ಗೆ ಹತ್ತೂವರೆ ಹನ್ನೊಂದಕ್ಕೆ ಹೋದ್ರೆ ಜನ ಕಮ್ಮಿ, ಕೌಂಟರಲ್ಲಿರೋರಿಗೂ ಮಾತಾಡೋಕೆ ಪುರುಸೊತ್ತು. ಗಾಡೀಲಿ ಹೋದ್ರೆ ದಯವಿಟ್ಟು ಪಕ್ಕದ ಮನೆ ಗೇಟಿಗೆ ಅಡ್ಡ ನಿಲ್ಲಿಸ್ಬೇಡಿ, ರಾತ್ರಿ ಫುಟ್‌ಪಾತಲ್ಲಿ ಗುಂಪು ನಿಂತು ಗಟ್ಟಿಯಾಗಿ ಮಾತಾಡ್ಬೇಡಿ. ಅಕ್ಕಪಕ್ಕದಲ್ಲಿ ವಯಸ್ಸಾದವರು, ಪರೀಕ್ಷೆಗೆ ಓದೋ ಮಕ್ಕಳು ಇರ್ತಾರೆ, ಅವರಿಗೆ ಕಿರಿಕಿರಿ ಆದ್ರೆ ಅಂಗಡಿ ಉಳಿಯಲ್ಲ.

ರುಚಿ ಹಿಡಿಸಿದ್ರೆ ಒಂದು ಪ್ಯಾಕೆಟ್ ತಗೊಂಡು "ಮನೇಲಿ ಸ್ಟೀಲ್ ಫಿಲ್ಟರ್ ಇದೆ, ಅದಕ್ಕೆ ಪುಡಿ ಮಾಡಿಕೊಡಿ" ಅನ್ನಿ, ಮಾಡಿಕೊಡ್ತಾರೆ. ಅರೇಬಿಕಾ ಕುಯ್ಲು ನವೆಂಬರಿಂದ ಜನವರಿವರೆಗೆ ನಡೆಯತ್ತೆ, ಒಣಗಿ, ಕ್ಯೂರಿಂಗ್ ಆಗಿ, ಹುರಿದು ಅಂಗಡಿಗೆ ಬರೋ ಹೊತ್ತಿಗೆ ಯುಗಾದಿ ಕಳೆದಿರತ್ತೆ. ಹಾಗಾಗಿ ಏಪ್ರಿಲ್ ಮೇ ಹೊತ್ತಿಗೆ ಹೋದ್ರೆ "ಹೊಸ ಫಸಲು ಬಂತಾ" ಅಂತ ಮರೀದೆ ಕೇಳಿ.